ಇಳಕಲ್ ಸೀರೆ ಕೌದಿ ಮ್ಯಾಲ ಚಿತ್ರ ಬರಿಯಾಕ ಯಾವ ಚಾಕ್ ತಗೋಬೇಕ್ರಿ?

ಗಂಗಾವತಿಯಾಕಿ:
ಅವ್ವನ ಹಳೇ ಇಳಕಲ್ ಸೀರೆ ಮ್ಯಾಲ, ಒಳಗ ಅಪ್ಪನ ಧೋತರ ಕೊಟ್ಟು ಕೌದಿ ಹೊಲಿಯಾಕ್ಹತ್ತೀನಿ. ಒಡಲು ಗಾಢ ಹಸಿರು, ಸೆರಗು ಕೆಂಪು-ಬಿಳಿ. ನಮ್ಮ ಕಡೆ ಕೌದಿ ಹೊಲಿಯೋರು ಗೆರಿ ಹಾಕೋದೇ ಇಲ್ಲ, ಅಂಚಿನಿಂದ ಬೆರಳಗಲ ಬಿಟ್ಟು ಸುತ್ತ ಹೊಲ್ಕೋತ ನಡುವಿಗೆ ಬರ್ತಾರ. ನನಗ ನಡುವ ಒಂದು ದೊಡ್ಡ ಕಮಲ, ಸುತ್ತ ಬಳ್ಳಿ ಬೇಕಾಗೈತಿ. ಅಂಗಡ್ಯಾಗ ತ್ರಿಕೋನ ಚಾಕ್, ಮಾಯ ಆಗೋ ಪೆನ್ನು ಎಲ್ಲಾ ತೋರಿಸಿದ್ರು. ಕೈಹೊಲಿಗಿ, ಮುಗಿಯಾಕ ತಿಂಗಳ ಮ್ಯಾಲ ಬೇಕು. ಯಾವುದು ತರ್ಲಿ?

ಕಟಿಂಗ್ ಮಾಸ್ತರ್, ಬಳ್ಳಾರಿ:
ಜೀನ್ಸಿಗೆ ನಾವು ಮೇಣದ ಚಾಕ್ ಬಳಸ್ತೀವಿ, ಗೆರಿ ಸಣ್ಣಗೆ ಬೀಳ್ತದ, ಪುಡಿ ಉದುರಂಗಿಲ್ಲ. ಅದನ್ನ ನೋಡಿ ನೀವು ತಗೋಬ್ಯಾಡ್ರಿ. ನಮ್ಮ ಗೆರಿ ಹೊಲಿಗಿ ಒಳಗ ಮುಚ್ಚಿ ಹೋಗ್ತದ, ಆಮ್ಯಾಲ ಪ್ಯಾಂಟು ವಾಷಿಂಗಿಗೆ ಹೋಗ್ತದ. ಕೌದಿ ಗೆರಿ ಬಟ್ಟಿ ಮುಖದ ಮ್ಯಾಲೇ ಇರ್ತದ. ಮೇಣದ ಮ್ಯಾಲ ಇಸ್ತ್ರಿ ಇಟ್ರಿ ಅಂದ್ರ ಕರಗಿ ಎಣ್ಣಿ ಕಲಿ ಕೂಡ್ತದ. ಉಗುರಿನಿಂದ ಕೆರೀರಿ: ಪುಡಿ ಬಂದ್ರ ಮಣ್ಣಿನ ಚಾಕ್, ಸುರುಳಿ ಸುರುಳಿ ಎದ್ರ ಮೇಣ.

ಸೂಜಿದಾರ, ರಾಯಚೂರು:
ಮಾಸ್ತರ್ ಹೇಳಿದ್ದು ಖರೆ. ಬಿಳಿ ಮಣ್ಣಿನ ಚಾಕ್ ತಗೋರಿ. ಕೆಂಪು, ಹಳದಿ, ನೀಲಿ ಸೇರಿಸಿದ ಡಬ್ಬಿ ಕೊಟ್ರ ಬಿಳಿ ಇಟ್ಕೊಂಡು ಉಳಿದಿದ್ದು ಹುಡುಗರಿಗೆ ಕೊಡ್ರಿ. ಕೆಂಪು-ಹಳದಿ ಹತ್ತಿ ನೂಲಿಗೆ ಹಿಡೀತಂದ್ರ ಬಿಡಿಸೋದು ಕಷ್ಟ.

ಅಂಚನ್ನ ಹಳೇ ಬ್ಲೇಡಿನಿಂದ ಎರಡೂ ಕಡೆ ಹೆರೆದು ತೆಳ್ಳಗ ಮಾಡ್ಕೋರಿ. ಮೊಂಡ ಚಾಕಿನ ಗೆರಿ ಅಗಲ ಬೀಳ್ತದ, ಸೂಜಿ ಒಮ್ಮೆ ಗೆರಿಯ ಈ ಕಡೆ, ಒಮ್ಮೆ ಆ ಕಡೆ ಹೋಗಿ ಕಮಲದ ಎಸಳು ಸೊಟ್ಟ ಆಗ್ತದ. ಇಡೀ ಕೌದಿಗೆ ಒಮ್ಮೆಲೇ ಬರೀಲಿಕ್ಕೂ ಹೋಗಬ್ಯಾಡ್ರಿ. ನಮ್ಮ ಬ್ಯಾಸಗ್ಯಾಗ ಅಂಗೈ ಬೆವರಿಗೇ ಅರ್ಧ ಚಿತ್ರ ಅಳಸ್ತದ. ಎರಡು ಎಸಳು ಬರೀರಿ, ಹೊಲೀರಿ, ಮುಂದ ಹೋಗ್ರಿ.

ಬಳ್ಳಿಯ ಹೂವೆಲ್ಲ ಒಂದೇ ಅಳತಿ ಬರಬೇಕಂದ್ರ ದಪ್ಪ ಕಾಗದದ ಮ್ಯಾಲ ಚಿತ್ರ ಬರೆದು, ದಾರ ಹಾಕದ ಮಷಿನ್ ಸೂಜಿಯಿಂದ ಗೆರಿಗುಂಟ ತೂತು ಹೊಡೀರಿ. ಶಾಲಿ ಚಾಕ್ ಕುಟ್ಟಿ, ಸೋಸಿ, ಧೋತರದ ತುಂಡಿನಾಗ ಗಂಟು ಕಟ್ರಿ, ಕಾಗದ ಬಟ್ಟಿ ಮ್ಯಾಲ ಇಟ್ಟು ಅದರಿಂದ ತಟ್ಟಿದ್ರ ಚುಕ್ಕಿ ಬೀಳ್ತಾವ. ರಂಗೋಲಿ ಪುಡಿ ಬ್ಯಾಡ, ಹರಳು ಹರಳು ಇರ್ತದ, ತೂತಿನಾಗ ಇಳಿಯಂಗಿಲ್ಲ. ಚುಕ್ಕಿ ಬಿದ್ದಕೂಡ್ಲೆ ಚಾಕಿನಿಂದ ಗೆರಿ ಕೂಡಿಸಿಬಿಡ್ರಿ, ಇಲ್ಲಾಂದ್ರ ಫ್ಯಾನ್ ಗಾಳಿಗೇ ಹಾರ್ತಾವ.

ಪೆನ್ನಿನ ಮಾತು. ತಾನೇ ಮಾಯ ಆಗೋ ನೇರಳೆ ಪೆನ್ನು ಒಂದೆರಡು ದಿನದ್ದು, ತಿಂಗಳ ಕೆಲಸಕ್ಕ ಏನು ಮಾಡೋದು? ನೀರಿಗೆ ಹೋಗೋ ನೀಲಿ ಪೆನ್ನು ಬಿಳಿ ಬಟ್ಟಿಗೆ ಅಡ್ಡಿಯಿಲ್ಲ, ತೊಳಿಯೋ ಮೊದಲ ಇಸ್ತ್ರಿ ತಾಗಿದ್ರ ಅಲ್ಲೇ ಕೂತುಬಿಡ್ತದ. ಇಸ್ತ್ರಿ ಬಿಸಿಗೆ ಅಳಿಯೋ ಪೆನ್ನು ಗಾಢ ಬಟ್ಟಿ ಮ್ಯಾಲ ಬಿಳಚಿದ ಗೆರಿ ಬಿಡಬಹುದು. ಫ್ರಿಜ್ಜಿನ ಐಸ್ ಪೆಟ್ಟಿಗಿಯಷ್ಟು ಥಂಡಿಗೆ ಅಳಿಸಿದ ಗೆರಿ ತಿರುಗಿ ಏಳ್ತದಂತ. ಗಂಗಾವತಿಯಾಗ ಆ ಚಿಂತಿ ಬ್ಯಾಡ ಬಿಡ್ರಿ.

ಕುಷ್ಟಗಿ ಕಾಕು:
ಹಸಿರಿಗೆ ಚಾಕ್ ಯಾಕವ್ವ? ಸವೆದು ತೆಳ್ಳಗಾದ ಮೈಸಾಬೂನಿನ ಚೂರು ಒಣಗಿಸಿ ಎಳಿ. ಗೆರಿ ಸಣ್ಣಗೆ ಬರ್ತದ, ತೊಳೆದ್ರ ಹೋಗ್ತದ. ಕ್ರೀಮ್ ಹಾಕಿದ ಸಾಬೂನು ಮಾತ್ರ ಬ್ಯಾಡ, ಜಿಡ್ಡು.

ಗಂಗಾವತಿಯಾಕಿ:
ಸೆರಗಿನ ಬಿಳಿ ಮ್ಯಾಲ ಬಿಳಿ ಚಾಕೂ ಕಾಣಂಗಿಲ್ಲ, ಸಾಬೂನೂ ಕಾಣಂಗಿಲ್ಲ. ಅಲ್ಲೇನು ಮಾಡ್ಲಿ?

ಸೂಜಿದಾರ, ರಾಯಚೂರು:
ಅಲ್ಲಿ ಬರೀಬ್ಯಾಡ್ರಿ. ತೋಪ ತೆನಿ, ಅಂದ್ರ ಕೆಂಪು-ಬಿಳಿ ತೆನಿ ಚಿತ್ತಾರದ ಸೆರಗಿನ್ಯಾಗ ನೇಯ್ಗಿನೇ ಗೆರಿ ಹಾಕಿಟ್ಟದ, ತೆನಿ ಅಂಚು ಹಿಡ್ಕೊಂಡು ಹೊಲೀರಿ. ಅದಕ್ಕಿಂತ ಮೊದಲ ಕೆಂಪು ಬಣ್ಣ ಬಿಡ್ತದೋ ಏನೋ ನೋಡ್ರಿ: ಒದ್ದಿ ಬಿಳಿ ಅರಿವಿ ಸೆರಗಿನ ಮೂಲಿಗೆ ಒತ್ತಿ ಹಿಡೀರಿ. ಬಣ್ಣ ಹತ್ತಿದ್ರ ಈ ಕೌದಿಗೆ ಸಾಬೂನು ಗೆರಿನೂ ಬ್ಯಾಡ, ನೀರಿಲ್ಲದ ಅಳಿಸೋ ಹಂಗಿಲ್ಲ. ಮಣ್ಣಿನ ಚಾಕ್ ಆದ್ರ ಒಣ ಬ್ರಶ್ಶಿನಿಂದ ಜಾಡಿಸಬಹುದು.