8 ಮಿಲಿಮೀಟರ್ ಜೀರ್ಜಿಂಬೆ, ಯಾವ ಜಾತಿ?

ಪ್ರಶ್ನೆ (ಮೂಡಿಗೆರೆಯಿಂದ):
ನಮಸ್ಕಾರ. ಮರಗಸಿ ಮಾಡಿ (ತೋಟದ ನೆರಳು ಮರಗಳ ಕೊಂಬೆ ಸವರಿ) ಒಟ್ಟಿದ್ದ ಕೊಂಬೆಗಳ ಮೇಲೆ ಬಿಸಿಲು ಬಿದ್ದ ಕೂಡಲೇ ಈ ಹುಳು ಓಡಾಡುತ್ತಿತ್ತು. ಉದ್ದ 8 ಮಿಲಿಮೀಟರ್, ಸಪೂರ ಮೈ, ಬೆನ್ನು ತಾಮ್ರದ ಬಣ್ಣ, ತಲೆ ಹಸಿರು. ಮೊಬೈಲ್ ಆ್ಯಪ್ ಒಂದು ಸಲ ಸ್ಟರ್ನೋಸೆರಾ ಅನ್ನುತ್ತದೆ, ಇನ್ನೊಂದು ಸಲ ಕ್ಲಿಕ್ ಬೀಟಲ್. ಕಾಫಿಗೆ ಬೀಳುವ ಕಾಂಡಕೊರಕ ಇರಬಹುದಾ ಅಂತ ಭಯ.

ಉತ್ತರ (ಅರಸೀಕೆರೆಯಿಂದ):
ಸ್ಟರ್ನೋಸೆರಾ ಖಂಡಿತ ಅಲ್ಲ ಸರ್. ಅದು ಚಿಕ್ಕವರಿದ್ದಾಗ ಜಾಲಿ ಸೊಪ್ಪು ಹಾಕಿ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವಲ್ಲ, ಆ ದಪ್ಪ ಜೀರ್ಜಿಂಬೆ. ದಯವಿಟ್ಟು ಬಣ್ಣ ನೋಡಿ ಹೆಸರಿಡಬೇಡಿ. ಮೇಲ್ರೆಕ್ಕೆಯ ತೆಳು ಪದರಗಳಿಂದ ಬೆಳಕು ವಾಪಸ್ ಬಂದಾಗ ಕಾಣುವ ಹೊಳಪು ಅದು, ಸ್ವಲ್ಪ ಓರೆ ಮಾಡಿದರೆ ಹಸಿರು ನೀಲಿಯಾಗುತ್ತದೆ, ಫೋಟೋದಲ್ಲಂತೂ ನಂಬುವ ಹಾಗೇ ಇಲ್ಲ.

ಹುಳುವನ್ನು ಅಂಗಾತ ಮಲಗಿಸಿ. ಕ್ಲಿಕ್ ಬೀಟಲ್ ಆದರೆ ಟಕ್ ಅಂತ ಸಿಡಿದು ಹಾರುತ್ತದೆ. ಜೀರ್ಜಿಂಬೆಯ ಎದೆ ಬಿಗಿ, ಹಾಗೆ ಸಿಡಿಯುವುದಿಲ್ಲ. ಆಮೇಲೆ ಲೆನ್ಸ್ ಹಿಡಿದು ಹೊಟ್ಟೆಯ ಪಟ್ಟಿ ಎಣಿಸಿ. ಐದು ಇರಬೇಕು, ಮೊದಲೆರಡು ಬೆಸೆದುಕೊಂಡು ನಡುವಿನ ಗೆರೆ ಮಸುಕಾಗಿರಬೇಕು. ಮೀಸೆ ಗಿಡ್ಡ, ಗರಗಸದ ಹಲ್ಲಿನ ಹಾಗೆ. ಕಾಫಿಯ ಬಿಳಿ ಕಾಂಡಕೊರಕ ಬೇರೆ ಕುಟುಂಬದ್ದು, ಕಪ್ಪು ಮೈಮೇಲೆ ಬಿಳಿ ಪಟ್ಟೆ, ಅದು ಹೊರಬಂದ ತೂತು ದುಂಡಗೆ. ನಿಮ್ಮ ಕೊಂಬೆಯ ತೂತು ಹೇಗಿದೆ?

ಮೂಡಿಗೆರೆಯಿಂದ:
ನೋಡಿದೆ. ಸಿಡಿಯಲಿಲ್ಲ, ಸುಮ್ನೆ ಕಾಲು ಆಡಿಸಿತು. ಮೊದಲೆರಡು ಪಟ್ಟಿ ಒಂದೇ ತರ ಕಾಣುತ್ತವೆ. ತೂತು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಬಾಗಿದೆ, ಇಂಗ್ಲಿಷ್‌ನ ಡಿ ಅಕ್ಷರದ ಹಾಗೆ.

ಅರಸೀಕೆರೆಯಿಂದ:
ಹಾಗಾದರೆ ಬುಪ್ರೆಸ್ಟಿಡೇ, ಅಂದರೆ ಜೀರ್ಜಿಂಬೆಗಳ ಕುಟುಂಬವೇ, ಆ ಸಪೂರ ಮೈ ನೋಡಿದರೆ ಅಗ್ರಿಲಸ್ ಕುಲ ಅಂತ ನನ್ನ ಅಂದಾಜು. ಅಲ್ಲಿಂದ ಮುಂದೆ ಕಷ್ಟ. ಆ ಒಂದೇ ಕುಲದಲ್ಲಿ 3,000ಕ್ಕೂ ಜಾಸ್ತಿ ಜಾತಿಗಳಿವೆ, ಎಷ್ಟೋ ಜಾತಿಗಳನ್ನು ಗಂಡಿನ ಜನನಾಂಗ ಬಿಡಿಸಿ ನೋಡಿಯೇ ಬೇರೆ ಮಾಡಬೇಕು. ಸದ್ಯಕ್ಕೆ 'ಅಗ್ರಿಲಸ್, ಜಾತಿ ಗೊತ್ತಾಗಿಲ್ಲ' ಅಂತಲೇ ಬರೆಯಿರಿ, ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು. ಹುಳುವಿನ ಜೊತೆ ಇಡುವ ಚೀಟಿಯಲ್ಲಿ ಊರು, ತಾರೀಕು, ಮುಖ್ಯವಾಗಿ ಯಾವ ಮರ ಅನ್ನುವುದು ಇರಲಿ. ಮರಿಹುಳು ಯಾವ ಮರ ತಿಂದು ಬೆಳೆಯಿತು ಅನ್ನುವ ಮಾಹಿತಿ ಸಿಗುವುದೇ ಅಪರೂಪ. ಆ ತುಂಡನ್ನು ಒಲೆಗೆ ಹಾಕಬೇಡಿ, ಸೊಳ್ಳೆಪರದೆ ಸುತ್ತಿಡಿ. ಒಳಗೆ ಇನ್ನೂ ಇದ್ದರೆ ಹೊರಗೆ ಬರುತ್ತವೆ, ಗಂಡೂ ಸಿಗಬಹುದು.

ಮೂಡಿಗೆರೆಯಿಂದ:
ತೊಗಟೆ ನೋಡಿ ಅಮ್ಮ ಅತ್ತಿಮರದ್ದು ಅಂದರು. ಎರಡು ತುಂಡು ಪರದೆ ಸುತ್ತಿ ಜಗಲಿಯಲ್ಲಿ ತೂಗುಹಾಕಿದ್ದೇನೆ. ಹೊರಗೆ ಬಂದ ದಿನವೇ ಇಲ್ಲಿ ಫೋಟೋ ಹಾಕುತ್ತೇನೆ, ಈ ಸಲ ಹೊಟ್ಟೆ ಕಡೆಯಿಂದ.