ಕೆರಿಸ್ ಕಠಾರಿಗಳ ಹೊಸ ಪತ್ರಿಕೆ: ಸಂಗ್ರಾಹಕರ ಅಭಿಪ್ರಾಯವೇನು?

ಪ್ರಶ್ನೆ: ಇಂಡೋನೇಷ್ಯಾದ ಕೆರಿಸ್‌ಗಳಿಗೆಂದೇ ಆರಂಭವಾಗಿರುವ ಹೊಸ ನಿಯತಕಾಲಿಕದ ಮೊದಲ ಸಂಚಿಕೆಯನ್ನು ಓದಿದವರು, ಚಂದಾದಾರರಾಗುವುದು ಸೂಕ್ತವೇ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1: ಮುದ್ರಣವೇನೋ ಸೊಗಸಾಗಿದೆ. ಆದರೆ ಕಬ್ಬಿಣ ಮತ್ತು ನಿಕಲ್‌ಯುಕ್ತ ಲೋಹದ ಪದರಗಳನ್ನು ಮಡಿಸಿ ಬಡಿದಾಗ ಅಲಗಿನಲ್ಲಿ ಮೂಡುವ ‘ಪಮೋರ್’ ವಿನ್ಯಾಸವು, ನಿಂಬೆರಸ ಹಾಗೂ ಪಾಷಾಣದ (ಆರ್ಸೆನಿಕ್) ಲೇಪನದಿಂದ ಕಬ್ಬಿಣವು ಕಪ್ಪಾದ ಬಳಿಕವೇ ಚೆನ್ನಾಗಿ ಎದ್ದು ಕಾಣುವಂಥದ್ದು. ಹೊಳಪಿನ ಕಾಗದದ ಚಿತ್ರಗಳಲ್ಲಿ ಆ ಸೂಕ್ಷ್ಮತೆ ಕಳೆದುಹೋಗಿದೆ.

ಉತ್ತರ 2: ನನಗೆ ಕೊರತೆ ಕಂಡದ್ದು ಕಾಲನಿರ್ಣಯದಲ್ಲಿ. ಜಾವಾದಲ್ಲಿ ‘ತಂಗೂಹ್’ ಎನ್ನಲಾಗುವ ಈ ವಿದ್ಯೆಯು ಬಹುಮಟ್ಟಿಗೆ ಅಂದಾಜನ್ನೇ ಅವಲಂಬಿಸಿರುವಾಗ, ಅಲಗೊಂದನ್ನು ಮಜಾಪಹಿತ್ ಎಂಬ ಹಳೆಯ ಜಾವಾ ಸಾಮ್ರಾಜ್ಯದ ಕಾಲದ್ದೆಂದು ಖಚಿತವಾಗಿ ಬರೆಯುವುದು ದುಡುಕು. (ಮಾರಾಟಗಾರರಿಗೆ ಅದು ಪ್ರಿಯವೇ ಇರಬಹುದು!)

ಪ್ರಶ್ನಿಸಿದವರು: ವಂದನೆಗಳು. ಯುನೆಸ್ಕೊ 2005ರಲ್ಲಿ ಗೌರವಿಸಿದ ಈ ಕಲೆಯನ್ನು ಇಂದಿಗೂ ಮುಂದುವರಿಸುತ್ತಿರುವ ‘ಎಂಪು’ಗಳ, ಅಂದರೆ ಕೆರಿಸ್ ತಯಾರಿಸುವ ಕಮ್ಮಾರರ, ಕುರಿತು ಲೇಖನವಿದೆಯೇ?

ಉತ್ತರ 2: ಒಂದಿದೆ, ಸಂಚಿಕೆಯಲ್ಲಿ ಅದೇ ಶ್ರೇಷ್ಠ.