ತುರ್ತು ಮಾತ್ರೆಯ ಬಳಿಕ ಮುಟ್ಟು ಎಂಟು ದಿನ ತಡವಾಗಿದೆ. ಕಿಟ್‌ನ ಒಂದು ಗೆರೆಯನ್ನು ನಂಬಬಹುದೇ?

ಬದಿಯಡ್ಕದವಳು, ಆಗಸ್ಟ್ 8

ನನಗೆ 29 ವರ್ಷ, ಮೂರು ವರ್ಷದ ಮಗನಿದ್ದಾನೆ. ನನಗೆ 28ರಿಂದ 30 ದಿನಗಳಿಗೊಮ್ಮೆ ತಪ್ಪದೆ ಮುಟ್ಟಾಗುತ್ತದೆ. ಕಳೆದ ಬಾರಿ ಆದದ್ದು ಜುಲೈ 2ರಂದು. ಜುಲೈ 14ರ ರಾತ್ರಿ ಕಾಂಡೋಮ್ ಹರಿದುಹೋಯಿತು. ಮರುದಿನ ಹರತಾಳವಿದ್ದು ಬಸ್ಸುಗಳು ಓಡದ ಕಾರಣ, ನನ್ನ ಯಜಮಾನರು 16ರ ಬೆಳಿಗ್ಗೆ ಮೆಡಿಕಲ್ ಶಾಪಿನಿಂದ ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ತಂದರು. ಸುಮಾರು 34 ಗಂಟೆಗಳ ಬಳಿಕ ನಾನು ಅದನ್ನು ನುಂಗಿದಂತಾಯಿತು. ಹೊಟ್ಟೆ ತೊಳಸಿತಾದರೂ ವಾಂತಿಯಾಗಲಿಲ್ಲ. ಜುಲೈ 22 ಮತ್ತು 23ರಂದು ಕಂದು ಬಣ್ಣದ ಸ್ರಾವ ಸ್ವಲ್ಪವೇ ಕಾಣಿಸಿತು. ಮುಟ್ಟೇ ಬೇಗ ಬಂದಿತೆಂದು ಭಾವಿಸಿದೆ. ಆದರೆ ಜುಲೈ 31ರ ಸುಮಾರಿಗೆ ಆಗಬೇಕಿದ್ದ ಮುಟ್ಟು ಈವರೆಗೂ ಆಗಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಗರ್ಭ ಪರೀಕ್ಷೆಯ ಕಿಟ್‌ನಲ್ಲಿ ನೋಡಿದಾಗ ಒಂದೇ ಗೆರೆ ಬಂತು, ಅಂದರೆ ಗರ್ಭವಿಲ್ಲವೆಂದು.

ನಮ್ಮಲ್ಲಿ ಮುಟ್ಟಾದವರು ದೇವರ ಕೋಣೆಗೆ ಹೋಗುವುದಿಲ್ಲವಾದ್ದರಿಂದ, ನಾನು ಬಾಯಿ ಬಿಡದಿದ್ದರೂ ಅತ್ತೆಯವರಿಗೆ ತಿಂಗಳ ಲೆಕ್ಕ ಗೊತ್ತಿರುತ್ತದೆ. ಅವರು ಕೇಳುವ ಮೊದಲು ನನಗೆ ಉತ್ತರ ಬೇಕಾಗಿದೆ. ಆ ಒಂದು ಗೆರೆಯನ್ನು ನಂಬಿ ಸುಮ್ಮನಿರಬಹುದೇ?

ಮುಳ್ಳೇರಿಯದ ಅಕ್ಕ

ತಂಗೀ, ಗಾಬರಿಯಾಗಬೇಡ. ನಾನು ಈ ಮಾತ್ರೆಯನ್ನು ಒಮ್ಮೆ ತೆಗೆದುಕೊಂಡಾಗ ಮುಟ್ಟು ಹತ್ತು ದಿನ ಮುಂದೆ ಹೋಗಿತ್ತು. ನನ್ನ ತಂಗಿಗೆ ಅದೇ ಮಾತ್ರೆಯಿಂದ ಐದು ದಿನ ಮೊದಲೇ ಆಗಿತ್ತು. ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೋ. ಈ ವಿಷಯ ಯಾರಿಗಾದರೂ ತಿಳಿದೊಡನೆ ಹಸಿ ಪಪ್ಪಾಯಿ ತಿನ್ನು, ಎಳ್ಳಿನ ಕಷಾಯ ಕುಡಿ ಎಂಬ ಸಲಹೆಗಳು ಬರುತ್ತವೆ. ನಾನು ಎಲ್ಲವನ್ನೂ ಮಾಡಿ ನೋಡಿದವಳು, ಕೆಟ್ಟದ್ದು ಹೊಟ್ಟೆಯೊಂದೇ.

ನಿವೃತ್ತ ದಾದಿ, ಮಂಜೇಶ್ವರ

ಮೊದಲು ಒಂದು ವಿಷಯ ಖಚಿತವಾಗಬೇಕು. ಆ ಮಾತ್ರೆಯ ಸ್ಟ್ರಿಪ್ ಇನ್ನೂ ಇದ್ದರೆ ಅದರ ಮೇಲೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಎಂದು ಬರೆದಿದೆಯೇ ನೋಡಿ. ವೈದ್ಯರ ಚೀಟಿಯಿಲ್ಲದೆ ಸಿಗುವ ತುರ್ತು ಮಾತ್ರೆ ಅದು. ಗರ್ಭಪಾತಕ್ಕೆ ಕೊಡುವ ಮಿಫೆಪ್ರಿಸ್ಟೋನ್ ಬೇರೆಯೇ ಔಷಧ, ಆದರೆ ಗಂಡಸರು ಅಂಗಡಿಯಲ್ಲಿ ನಾಚಿಕೊಂಡು ಅರ್ಧ ಮಾತಿನಲ್ಲಿ ಕೇಳುವುದರಿಂದ ಇವೆರಡೂ ಅದಲುಬದಲಾದದ್ದನ್ನು ನಾನು ಕಂಡಿದ್ದೇನೆ.

ಲೆವೊನಾರ್ಜೆಸ್ಟ್ರೆಲ್ ಮುಖ್ಯವಾಗಿ ಮಾಡುವ ಕೆಲಸವೆಂದರೆ ಅಂಡಾಶಯದಿಂದ ಅಂಡಾಣು ಹೊರಬರುವುದನ್ನು ತಡೆಯುವುದು ಅಥವಾ ಕೆಲವು ದಿನ ಮುಂದೂಡುವುದು. ಅಂಡಾಣು ಬಿಡುಗಡೆಯಾದ ಸುಮಾರು ಎರಡು ವಾರಗಳ ಬಳಿಕವೇ ಮುಟ್ಟಾಗುವುದರಿಂದ, ಆ ಬಿಡುಗಡೆ ಎಷ್ಟು ದಿನ ಮುಂದೆ ಹೋಗುತ್ತದೆಯೋ ಮುಟ್ಟೂ ಸರಿಸುಮಾರು ಅಷ್ಟೇ ದಿನ ತಡವಾಗುತ್ತದೆ. ನೀವು ಮಾತ್ರೆ ನುಂಗಿದ್ದು ಮುಟ್ಟಾದ ಮೊದಲ ದಿನದಿಂದ ಎಣಿಸಿದರೆ 15ನೇ ದಿನ. ಅಂಡಾಣು ಅದಾಗಲೇ ಹೊರಬಂದಿದ್ದರೆ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಾಗಿರಲಾರದು, ಬಂದಿರದಿದ್ದರೆ ಈ ವಿಳಂಬ ಸಹಜವೇ ಇರಬಹುದು. ಎರಡರಲ್ಲಿ ಯಾವುದೆಂದು ಹೊರಗಿನಿಂದ ಹೇಳಲು ಬರುವುದಿಲ್ಲವಾದ್ದರಿಂದಲೇ ಪರೀಕ್ಷೆ ಬೇಕು.

ಜುಲೈ 22ರ ಸ್ರಾವವನ್ನು ಮುಟ್ಟೆಂದು ಎಣಿಸಬೇಡಿ. ಹಾರ್ಮೋನಿನ ಏರುಪೇರಿನಿಂದ ಅಂತಹ ಸ್ರಾವ ಅನೇಕರಿಗೆ ಆಗುತ್ತದೆ. ಅದು ಗರ್ಭ ನಿಂತಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಇನ್ನು ಕಿಟ್ಟಿನ ಮಾತು. ಅಸುರಕ್ಷಿತ ಸಂಪರ್ಕದಿಂದ 21 ದಿನಗಳು ತುಂಬಿದ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಹುದು. ನೀವು ಮಾಡಿದ್ದು 18ನೇ ದಿನ. ಇಂದಿಗೆ 25 ದಿನಗಳಾದವು. ನಾಳೆ ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೊಮ್ಮೆ ನೋಡಿ.

ಆದರೆ ಜುಲೈ 16ರ ನಂತರ ಕಾಂಡೋಮ್ ಇಲ್ಲದೆ ಸಂಪರ್ಕವಾಗಿತ್ತೇ? ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಬದಿಯಡ್ಕದವಳು, ಆಗಸ್ಟ್ 9

ಸ್ಟ್ರಿಪ್ ಸಿಕ್ಕಿತು, ನೀವು ಹೇಳಿದ ಹೆಸರೇ ಇದೆ. ಈ ಬೆಳಿಗ್ಗೆಯೂ ಒಂದೇ ಗೆರೆ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಹೌದೆನ್ನಬೇಕಾಗಿದೆ. ಸ್ರಾವ ನಿಂತ ಮರುದಿನ, ಅಂದರೆ ಜುಲೈ 24ರಂದು, ಮುಟ್ಟು ಮುಗಿದ ಹೊಸತರಲ್ಲಿ ಭಯವಿಲ್ಲವೆಂದು ನಂಬಿ ಎಚ್ಚರ ವಹಿಸಲಿಲ್ಲ.

ನಿವೃತ್ತ ದಾದಿ, ಮಂಜೇಶ್ವರ

ನನಗೆ ಸಂಶಯವಿದ್ದದ್ದು ಅದೇ. ಈ ಮಾತ್ರೆ ಅದಾಗಲೇ ನಡೆದ ಸಂಪರ್ಕಕ್ಕೆ ಮಾತ್ರ, ಮುಂದಿನ ದಿನಗಳಿಗೆ ಕಾವಲು ನಿಲ್ಲುವುದಿಲ್ಲ. ಅದು ಅಂಡಾಣುವನ್ನು ಮುಂದೂಡಿದ್ದರೆ, ನೀವು ಭಯವಿಲ್ಲವೆಂದುಕೊಂಡ ದಿನಗಳೇ ಗರ್ಭ ನಿಲ್ಲುವ ದಿನಗಳಾಗಿರಲೂಬಹುದು. ಇಂದಿನ ಪರೀಕ್ಷೆಯಿಂದ ಜುಲೈ 14ರ ಚಿಂತೆ ಬಹುಮಟ್ಟಿಗೆ ತೀರಿತು. ಜುಲೈ 24ರಿಂದ 21 ದಿನ ಎಣಿಸಿದರೆ ಆಗಸ್ಟ್ 14 ಆಗುತ್ತದೆ. 15ರ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಕಿಟ್ಟನ್ನು ಆಶಾ ಕಾರ್ಯಕರ್ತೆಯ ಬಳಿಯೂ ಕೇಳಬಹುದು. ಆವರೆಗೆ ಕಾಂಡೋಮ್ ಬಿಡಬೇಡಿ, ಮುಟ್ಟು ಬರಿಸುವ ಮಾತ್ರೆಯೆಂದು ಯಾರೇನು ಕೊಟ್ಟರೂ ತೆಗೆದುಕೊಳ್ಳಬೇಡಿ.

ಎರಡು ಗೆರೆ ಬಂದರೂ ಈ ಮಾತ್ರೆಯಿಂದ ಮಗುವಿಗೆ ಊನವಾಗುತ್ತದೆಂದು ಹೆದರಬೇಕಾಗಿಲ್ಲ. ಮುಂದುವರಿಸುವುದೋ ಬೇಡವೋ ಎಂಬುದನ್ನು ವೈದ್ಯರೊಡನೆ ಮಾತಾಡಿ ನೀವು ನಿರ್ಧರಿಸಬಹುದು. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಕಾನೂನಿಗೆ ಸಾಕು, ಅತ್ತೆಯ ಅಥವಾ ಗಂಡನ ಸಹಿ ಬೇಕಿಲ್ಲ. ಆದರೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು ಬಂದರೆ, ತಲೆಸುತ್ತಿ ಬೀಳುವಂತಾದರೆ, ಗೆರೆ ಒಂದೋ ಎರಡೋ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಅದು ಪ್ರಾಣಕ್ಕೇ ಅಪಾಯ. ರಾತ್ರಿ ಸಂಶಯ ಬಂದು ಕೇಳಲು ಯಾರೂ ಇಲ್ಲದಿದ್ದರೆ ಕೇರಳ ಸರ್ಕಾರದ ದಿಶಾ ಸಹಾಯವಾಣಿ 1056ಕ್ಕೆ ಕರೆ ಮಾಡಬಹುದು.

ಮುಳ್ಳೇರಿಯದ ಅಕ್ಕ

ಮುಟ್ಟು ಮುಗಿದ ಹೊಸತರಲ್ಲಿ ಭಯವಿಲ್ಲವೆಂಬ ಲೆಕ್ಕವನ್ನು ನನಗೂ ಹೇಳಿಕೊಟ್ಟಿದ್ದರು. ನನ್ನ ಎರಡನೆಯ ಮಗಳು ಆ ಲೆಕ್ಕದವಳೇ.

ಬದಿಯಡ್ಕದವಳು, ಆಗಸ್ಟ್ 15

ಇಂದು ಬೆಳಿಗ್ಗೆ ಐದಕ್ಕೇ ಎದ್ದು ನೋಡಿದೆ. ಒಂದೇ ಗೆರೆ, ಹತ್ತು ನಿಮಿಷ ಕಾದರೂ ಇನ್ನೊಂದು ಮೂಡಲಿಲ್ಲ. ಮುಟ್ಟು ಮಾತ್ರ ಇನ್ನೂ ಆಗಿಲ್ಲ. ಹಾಗಾಗಿ ಸೋಮವಾರ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸುತ್ತೇನೆ. ಥೈರಾಯ್ಡ್ ಪರೀಕ್ಷೆ ಬೇಕಾದೀತೇ ಎಂದೂ, ಕಾಪರ್-ಟಿ ಹಾಕಿಸಿಕೊಳ್ಳುವ ಕುರಿತೂ ಕೇಳಬೇಕೆಂದಿದ್ದೇನೆ. ಅತ್ತೆಯವರು ನಿನ್ನೆ ಕೇಳಿಯೇ ಬಿಟ್ಟರು. ತಡವಾಗಿದೆ, ಡಾಕ್ಟರಿಗೆ ತೋರಿಸುತ್ತೇನೆ ಎಂದಷ್ಟೇ ಹೇಳಿದೆ. ಸೋಮವಾರ ತಾವೂ ಬರುತ್ತೇನೆ ಎಂದಿದ್ದಾರೆ.